ಮೂರನೆಯ ಸಲ ಕೇಳದ ಊರಿನಲ್ಲಿ

2024ರ ಮೇ ತಿಂಗಳು. ಆಗ ನಾನು ಸುಳ್ಯ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಸಿಟ್ಟಿನ ಟೀಚರ್' ಎಂದು ಕರೆಯುತ್ತಿದ್ದರು, ಅದು ನನಗೆ ಗೊತ್ತಿತ್ತು, ನನಗೆ ಅದರಲ್ಲಿ ಬೇಸರವೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬಿಸಿಲಿನಲ್ಲಿ ನಿಂತು ಸೀಟಿ ಊದಿದವಳ ಮೂಗಿನ ತುದಿಯಲ್ಲಿ ಸಿಟ್ಟಲ್ಲದೆ ಮತ್ತೇನು ಇರುತ್ತದೆ? ಆದರೆ ಆ ಮೇ ತಿಂಗಳಲ್ಲಿ ಬಂದ ಸಿಟ್ಟು ಬೇರೆ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದರಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದರಿಂದ ಬೇಗ ಇಳಿಯುವ ಲಕ್ಷಣವೂ ಇಲ್ಲ.

ನಮ್ಮ ಶಾಲೆಯ ಹುಡುಗಿಯರ ಕಬಡ್ಡಿ ತಂಡ ಆ ವರ್ಷ ಜಿಲ್ಲಾ ಮಟ್ಟದಲ್ಲಿ ಹೆಸರು ಮಾಡಿತ್ತು. ಅದನ್ನು ನೋಡಿದ ಒಂದು ಖಾಸಗಿ ಸಂಸ್ಥೆಯವರು ನಮ್ಮ ಹನ್ನೆರಡು ಮಕ್ಕಳನ್ನು ಹದಿನೆಂಟು ದಿನಗಳ ಸಾಂಸ್ಕೃತಿಕ ವಿನಿಮಯಕ್ಕೆ ಜರ್ಮನಿಗೆ ಕರೆದುಕೊಂಡು ಹೋಗುವ ಪ್ರಸ್ತಾಪ ಇಟ್ಟರು. ನಮ್ಮ ಮಕ್ಕಳು ಅಲ್ಲಿಯ ಮಕ್ಕಳಿಗೆ ಕಬಡ್ಡಿ, ಕೋಲಾಟ ಕಲಿಸಬೇಕು. ಅವರು ತಮ್ಮ ಆಟ, ಹಾಡು ಕಲಿಸುತ್ತಾರೆ. ಹೋಟೆಲಿನ ವಾಸವಿಲ್ಲ. ಪ್ರತಿ ಮಗುವೂ ಒಂದೊಂದು ಮನೆಯಲ್ಲಿ ಆ ಮನೆಯ ಮಗುವಿನ ಹಾಗೆ ಇರಬೇಕು. ಇಂತಹ ಮನೆಯವರನ್ನು ಅವರು ಹೋಸ್ಟ್ ಫ್ಯಾಮಿಲಿ ಎನ್ನುತ್ತಾರೆ.

ಆ ಸಂಸ್ಥೆಯನ್ನು ನಡೆಸುತ್ತಿದ್ದವರು ಸತೀಶ್. ನಲವತ್ತೈದರ ಆಸುಪಾಸಿನ ಮನುಷ್ಯ. ಹುಟ್ಟಿ ಬೆಳೆದದ್ದು ನಮ್ಮ ಪಕ್ಕದ ಕಡಬದಲ್ಲಿ, ಕಾಲೇಜು ಕಲಿತದ್ದು ಪುತ್ತೂರಿನಲ್ಲಿ, ವ್ಯವಹಾರ ಬೆಂಗಳೂರಿನಲ್ಲಿ. ಅವರ ತಾಯಿ ಈಗಲೂ ಕಡಬದಲ್ಲಿದ್ದಾರೆ. ಈ ವಿವರ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ. ತಂಡದ ಜೊತೆ ದೊಡ್ಡವರೆಂದು ಹೊರಟದ್ದು ಅವರು ಮತ್ತು ನಾನು, ಇಬ್ಬರೇ.

ತಂಡದ ನಾಯಕಿಯಾಗಿ ನಾನು ಆರಿಸಿದ್ದು ಮರ್ಕಂಜದ ಲಿಖಿತಾಳನ್ನು. ಹದಿನೈದು ವರ್ಷ, ಮನೆಯಲ್ಲಿ ಆಡುವುದು ನಮ್ಮ ಕಡೆಯ ಅರೆಭಾಷೆ, ಶಾಲೆಯಲ್ಲಿ ಮಾತೇ ಕಡಿಮೆ. ತಂಡದಲ್ಲಿ ಅವಳಿಗಿಂತ ಚುರುಕಾಗಿ ಎದುರಾಳಿಯ ಅಂಕಣಕ್ಕೆ ನುಗ್ಗಿ ರೈಡ್ ಮಾಡುವವರು ಇಬ್ಬರಿದ್ದರು. ಆದರೆ ಅವಳಷ್ಟು ಹೇಳಿದ ಮಾತು ಕೇಳುವವರು ಬೇರೆ ಇರಲಿಲ್ಲ. ಐದೂವರೆಗೆ ಮೈದಾನದಲ್ಲಿರು ಎಂದರೆ ಐದೂ ಇಪ್ಪತ್ತಕ್ಕೆ ಬಂದು ಸುಣ್ಣದ ಗೆರೆ ಎಳೆಯುತ್ತಿದ್ದಳು. ನನ್ನಂತಹ ಟೀಚರಿಗೆ ಅದಕ್ಕಿಂತ ಹೆಚ್ಚೇನು ಬೇಕು!

ಹೊರಡುವ ಮೊದಲು ಮೂರು ದಿನ ಮಕ್ಕಳಿಗೆ ತರಬೇತಿ ಇಟ್ಟಿದ್ದೆವು. ವಿಮಾನ, ಪಾಸ್‌ಪೋರ್ಟ್, ವಿಮೆ ಇತ್ಯಾದಿಗಳನ್ನು ಸತೀಶ್ ವಿವರಿಸಿದರು. ಶಿಸ್ತಿನ ಪಾಠ ನನ್ನದು. ಬೇರೆಯವರ ಮನೆಯಲ್ಲಿ ಹೇಗಿರಬೇಕು ಎಂದು ಒಂದು ತಾಸು ಕೊರೆದೆ. ಆ ದಿನ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಅಲ್ಲಿ ಹೋಗಿ ಆಸೆಬುರುಕರ ಹಾಗೆ ಮಾಡ್ಲಿಕ್ಕಿಲ್ಲ. ಯಾರಾದ್ರೂ ಎಂತ ಕೊಟ್ಟರೂ ಮೊದಲು ಬೇಡ ಅನ್ನಿ. ಎರಡನೇ ಸಲವೂ ಬೇಡ ಅನ್ನಿ. ಮೂರನೇ ಸಲ ಕೇಳಿದ್ರೆ ಮಾತ್ರ ತಗೊಳ್ಳಿ. ಸುಳ್ಯದ ಮರ್ಯಾದೆ ತೆಗಿಬೇಡಿ!"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ನೆಂಟರ ಮನೆಗೆ ಹೋದರೆ ತಟ್ಟೆ ಎದುರಿಗೆ ಬಂದ ಕೂಡಲೇ ಯಾರೂ ಕೈ ಹಾಕುವುದಿಲ್ಲ. "ಬೇಡ, ಈಗ ತಿಂದು ಬಂದದ್ದಷ್ಟೆ" ಎನ್ನುತ್ತೇವೆ. ಮನೆಯವರು "ಅದೆಂತ ಬೇಡ, ಒಂದು ತಗೊಳ್ಳಿ" ಎನ್ನುತ್ತಾರೆ. ಇನ್ನೊಮ್ಮೆ ಬೇಡ ಎನ್ನುತ್ತೇವೆ. ಮೂರನೆಯ ಸಲ ಅವರು ಕೇಳುವ ಗೋಜಿಗೇ ಹೋಗದೆ ಬಡಿಸಿಬಿಡುತ್ತಾರೆ, ನಾವು "ಅಯ್ಯೋ, ಇಷ್ಟೆಲ್ಲ ಯಾಕೆ" ಎಂದು ಗೊಣಗುತ್ತಾ ಚೊಕ್ಕವಾಗಿ ತಿನ್ನುತ್ತೇವೆ. ಇದರಲ್ಲಿ ಯಾರಿಗೂ ಮೋಸವಿಲ್ಲ. ಆಟದ ನಿಯಮ ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ನಿಯಮ ಗೊತ್ತಿಲ್ಲದ ಎದುರಾಳಿಯ ಜೊತೆ ಆಡಲು ಮಕ್ಕಳನ್ನು ಇಳಿಸುತ್ತಿದ್ದೇನೆ ಎಂದು ಜೀವನವೆಲ್ಲಾ ಆಟ ಕಲಿಸಿದ ನನಗೆ ಹೊಳೆಯಲಿಲ್ಲ.

ಸುಳ್ಯದಿಂದ ವ್ಯಾನಿನಲ್ಲಿ ಮಂಗಳೂರು, ಅಲ್ಲಿಂದ ಮುಂಬೈ, ಮುಂಬೈಯಲ್ಲಿ ಆರು ಗಂಟೆ ಕಾಯುವುದು, ಆಮೇಲೆ ಕೊಲ್ಲಿ ದೇಶದ ಒಂದು ವಿಮಾನ ನಿಲ್ದಾಣ, ಅಲ್ಲಿಂದ ಜರ್ಮನಿ, ಮತ್ತೆ ಎರಡು ರೈಲು. ಮನೆ ಬಿಟ್ಟು ಮೂವತ್ತನಾಲ್ಕು ಗಂಟೆಯಾದಾಗ ಆ ಚಿಕ್ಕ ಊರಿನ ಸ್ಟೇಷನ್ನಿನಲ್ಲಿ ಇಳಿದೆವು. ದಾರಿಯಲ್ಲಿ ನಡೆದ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಮುಂಬೈಯಿಂದ ಹೊರಟ ವಿಮಾನದಲ್ಲಿ ಊಟದ ಗಾಡಿ ಬಂದಾಗ ಗಗನಸಖಿ ಕೇಳಿದ್ದಕ್ಕೆ ನಮ್ಮ ಮಕ್ಕಳು ಒಬ್ಬರ ನಂತರ ಒಬ್ಬರು "ನೋ ಥ್ಯಾಂಕ್ಯೂ" ಎಂದರು. ಗಾಡಿ ಸೀದಾ ಮುಂದೆ ಹೋಯಿತು. ಹನ್ನೆರಡು ಮುಖಗಳೂ ಬಾಡಿದವು. ನಾನು ಎದ್ದು ಹೋಗಿ ಗಾಡಿಯನ್ನು ಹಿಂದೆ ಕರೆಸಿ ಊಟ ಕೊಡಿಸಿದೆ. ಕೊಡಿಸಿ, ನಕ್ಕೆ. ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದಾರೆ ನೋಡಿ ಎಂದು ಸತೀಶರ ಹತ್ತಿರ ಹೆಮ್ಮೆಪಟ್ಟೆ. ಅವರೂ ನಕ್ಕರು.

ನಾವು ತಲುಪಿದ್ದು ಬುಧವಾರ ಸಂಜೆ. ಮರುದಿನ ಅವರ ಒಂದು ಹಬ್ಬದ ರಜೆ, ಶುಕ್ರವಾರ ಶಾಲೆಗೂ ರಜೆ, ಮತ್ತೆ ಶನಿವಾರ, ಭಾನುವಾರ. ಈ ನಾಲ್ಕು ದಿನಗಳನ್ನು 'ಕುಟುಂಬದ ದಿನಗಳು' ಎಂದು ಗೊತ್ತುಮಾಡಿದ್ದರು. ಮಕ್ಕಳು ಹೊಸ ಮನೆಗೆ ಹೊಂದಿಕೊಳ್ಳಬೇಕು, ಅದಕ್ಕಾಗಿ ಅವರ ಫೋನುಗಳು ಸತೀಶರ ಬಳಿ. ನಾನು ಯಾವ ಮನೆಗೂ ಹೋಗಬಾರದು, ಮಾತಾಡಿಸಬಾರದು. ಮನೆಯವರು ದಿನಕ್ಕೊಂದು ಫೋಟೋ ಕಳಿಸುತ್ತಾರೆ, ಏನಾದರೂ ತೊಂದರೆಯಾದರೆ ಸತೀಶರಿಗೆ ಫೋನು ಮಾಡುತ್ತಾರೆ. ಈ ನಿಯಮವನ್ನು ನಾನು ಊರಿನಲ್ಲೇ ವಿರೋಧಿಸಿದ್ದೆ. "ಎಲ್ಲಾ ಕಡೆ ಹೀಗೇ ಮಾಡುದು ಮೇಡಂ, ಇದು ಇಂಟರ್‌ನ್ಯಾಷನಲ್ ಪದ್ಧತಿ" ಎಂದು ಸತೀಶ್ ಬಾಯಿ ಮುಚ್ಚಿಸಿದ್ದರು. ಇಂಗ್ಲಿಷಿನ ಹೆಸರಿಟ್ಟರೆ ನಾವು ಎಂತಹ ಕಾಯಿದೆಯನ್ನೂ ಒಪ್ಪಿಕೊಳ್ಳುತ್ತೇವೆ.

ನನಗೆ ಇಳಿದುಕೊಳ್ಳಲು ಕೊಟ್ಟದ್ದು ಒಬ್ಬ ನಿವೃತ್ತ ಶಿಕ್ಷಕಿಯ ಮನೆ. ಮೊದಲ ಸಂಜೆ ಅವರು ಚಹಾ ಬೇಕೇ ಎಂದು ಕೇಳಿದರು. ಅಭ್ಯಾಸಬಲದಿಂದ ಬೇಡ ಎಂದೆ. ಅವರು ಸರಿ ಎಂದು ತಮಗೊಂದು ಕಪ್ ಮಾಡಿಕೊಂಡು ನನ್ನ ಎದುರಿಗೇ ಕುಡಿದರು. ಚಹಾ ಇಲ್ಲದೆ ಎರಡು ಗಂಟೆ ತಲೆನೋವಿನಿಂದ ಒದ್ದಾಡಿದೆ. ಮರುದಿನ ಬೆಳಿಗ್ಗೆ ಅವರು ಬಾಯಿ ತೆರೆಯುವ ಮೊದಲೇ "ಹೂಂ, ಬೇಕು" ಎಂದೆ. ಅಷ್ಟೇ, ನನ್ನ ಸಮಸ್ಯೆ ಮುಗಿಯಿತು. ಐವತ್ತೊಂಬತ್ತು ವರ್ಷದ ನಾನು ಒಂದು ರಾತ್ರಿಯಲ್ಲಿ ನನ್ನದೇ ನಿಯಮವನ್ನು ಮುರಿದೆ. ಅದೇ ನಿಯಮವನ್ನು ಕಟ್ಟಿಕೊಂಡು ಹನ್ನೆರಡು ಮನೆಗಳಲ್ಲಿ ಹನ್ನೆರಡು ಮಕ್ಕಳು ಕೂತಿದ್ದಾರೆ ಎಂಬ ಯೋಚನೆ ನನ್ನ ತಲೆಗೆ ಬರಲಿಲ್ಲ. ಫೋಟೋಗಳು ಬರುತ್ತಿದ್ದವು. ಎಲ್ಲರೂ ನಗುತ್ತಿದ್ದರು. ಲಿಖಿತಾಳೂ ನಗುತ್ತಿದ್ದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಲ್ಲಿಯ ಶಾಲೆಯ ಮೈದಾನದಲ್ಲಿ ಎಲ್ಲರೂ ಸೇರಬೇಕಿತ್ತು. ಹನ್ನೊಂದು ಮಕ್ಕಳು ಬಂದರು. ನಾಯಕಿ ಇಲ್ಲ. ನನ್ನ ಹಾಜರಿಯಲ್ಲಿ ಲಿಖಿತಾ ತಡವಾಗಿ ಬಂದ ಉದಾಹರಣೆಯೇ ಇಲ್ಲ. ಸತೀಶರನ್ನು ಕೇಳಿದೆ. ಅವರು ನನ್ನನ್ನು ಗೋಲ್ ಕಂಬದ ಹತ್ತಿರ ಕರೆದುಕೊಂಡು ಹೋದರು.

"ಮೇಡಂ, ಗಾಬರಿ ಆಗ್ಬೇಡಿ. ಅವಳನ್ನು ನಾಳೆ ಬೆಳಿಗ್ಗೆ ಊರಿಗೆ ವಾಪಸ್ ಕಳಿಸುದು ಅಂತ ತೀರ್ಮಾನ ಆಗಿದೆ. ಟಿಕೆಟ್ ಸಹ ಆಯ್ತು."

ನಡೆದದ್ದು ಇಷ್ಟು. ಶನಿವಾರ ಮಧ್ಯಾಹ್ನ ಲಿಖಿತಾ ಮನೆಯ ಮೆಟ್ಟಿಲಿಳಿಯುವಾಗ ತಲೆ ಸುತ್ತಿ ಕುಸಿದಿದ್ದಳು. ಮನೆಯವರು ಕೂಡಲೇ ಡಾಕ್ಟರ ಬಳಿಗೆ ಒಯ್ದರು. ರಕ್ತದಲ್ಲಿ ಸಕ್ಕರೆಯ ಅಂಶ ತೀರಾ ಇಳಿದಿತ್ತು. ಬಂದ ದಿನದಿಂದ ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ, ಏನು ಕೇಳಿದರೂ ಬೇಡ ಎನ್ನುತ್ತಾಳೆ ಎಂದು ಮನೆಯವರು ಹೇಳಿದರು. ಡಾಕ್ಟರ್ 'ಈಟಿಂಗ್ ಡಿಸಾರ್ಡರ್ ಇರುವ ಸಂಶಯ' ಎಂದು ಬರೆದರು. ಅಂದರೆ ಮನಸ್ಸಿನ ತೊಂದರೆಯಿಂದ ಊಟ ಬಿಡುವ ಕಾಯಿಲೆ. ಆ ಕಾಗದವನ್ನು ಹಿಡಿದುಕೊಂಡು ಸತೀಶ್ ಮತ್ತು ಅಲ್ಲಿಯ ಸಂಘಟಕರು ಭಾನುವಾರ ಕೂತು ಅವಳನ್ನು ಕಳಿಸಲು ನಿರ್ಧರಿಸಿದ್ದರು. ವಿಮಾನದ ಸಿಬ್ಬಂದಿಯ ಉಸ್ತುವಾರಿಯಲ್ಲಿ, ಒಬ್ಬಳೇ.

"ಶನಿವಾರ ಬಿದ್ದದ್ದು ನನಗೆ ಸೋಮವಾರ ಹೇಳುದಾ?" ಎಂದೆ.

"ನಿಮಗೆ ಸುಮ್ಮನೆ ಟೆನ್ಶನ್ ಯಾಕೆ ಅಂತ."

ಟೆನ್ಶನ್! ಆ ಮಗುವಿನ ಅಪ್ಪ, ಅಮ್ಮ ಸಹಿ ಹಾಕಿದ ಕಾಗದದಲ್ಲಿ ಜವಾಬ್ದಾರರು ಎಂಬಲ್ಲಿ ನನ್ನ ಹೆಸರಿದೆ. ಮಗು ಮೆಟ್ಟಿಲಿನಲ್ಲಿ ಬಿದ್ದಿದೆ, ನಾನು ಒಂದು ಮೈಲಿ ದೂರದಲ್ಲಿ ಕೂತು ಅವಳ ನಗುವ ಫೋಟೋ ನೋಡುತ್ತಿದ್ದೇನೆ. ಮೈಯೆಲ್ಲಾ ಉರಿದುಹೋಯಿತು. ಹನ್ನೊಂದು ಮಕ್ಕಳು ನಮ್ಮನ್ನೇ ನೋಡುತ್ತಿದ್ದುದರಿಂದ ಧ್ವನಿ ಏರಿಸಲಿಲ್ಲ.

"ನಾವೇ ತೀರ್ಮಾನ ಮಾಡಿದ್ದಲ್ಲ ಮೇಡಂ. ಅವಳನ್ನೇ ಕೇಳಿದ್ದೇವೆ. ನಿನಗೆ ಇಲ್ಲಿ ಇರ್ಬೇಕಾ ಅಂತ ನಾನೇ ಕೇಳಿದೆ. 'ಬೇಡ ಸರ್, ನಿಮಗೆಲ್ಲ ತೊಂದರೆ ಆಗುದಾದ್ರೆ ಬೇಡ' ಅಂದಳು. ಅವಳದ್ದೇ ಇಷ್ಟ ಅಂತ ವರದಿಯಲ್ಲಿ ಬರೆದಿದ್ದೇವೆ."

ಆ ವರದಿ ಅಷ್ಟರಲ್ಲಿ ನಮ್ಮ ಶಾಲೆಗೂ ಹೋಗಿಯಾಗಿತ್ತು. ಅದರ ಅರ್ಥವೇನೆಂದು ಓದುವವರಿಗೆ ಗೊತ್ತಾಗಬೇಕು. ಮರ್ಕಂಜದಂತಹ ಊರಿನಲ್ಲಿ ವಿದೇಶಕ್ಕೆ ಹೋದ ಹುಡುಗಿ ಐದೇ ದಿನಕ್ಕೆ ಒಬ್ಬಳೇ ವಾಪಸ್ ಬಂದರೆ, ಅವಳ ಹಿಂದೆಯೇ 'ತಲೆ ಸರಿ ಇಲ್ಲವಂತೆ, ಡಾಕ್ಟರೇ ಬರೆದು ಕೊಟ್ಟಿದ್ದಾರಂತೆ' ಎಂಬ ಮಾತು ಬಂದರೆ, ಆ ಮಾತು ಅವಳ ಶಾಲೆ ಮುಗಿದ ಮೇಲೂ ಮುಗಿಯುವುದಿಲ್ಲ. ಮುಂದೆ ಅವಳನ್ನು ಆಟಕ್ಕೆ ಕಳಿಸುವುದಿಲ್ಲ, ದೂರದ ಕಾಲೇಜಿಗೆ ಕಳಿಸುವುದಿಲ್ಲ. ಸಂಬಂಧ ಕೇಳಿ ಬರುವವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಸತೀಶರಿಗೆ ಅದು ಒಂದು ಪುಟದ ವರದಿ. ಅವಳಿಗೆ ಆಯುಷ್ಯವಿಡೀ ಹೋಗದ ಕಲೆ.

ಮಕ್ಕಳನ್ನು ಅಲ್ಲಿಯ ಶಿಕ್ಷಕರಿಗೆ ಒಪ್ಪಿಸಿ, ಸತೀಶರನ್ನು ಕಾರು ಹತ್ತಿಸಿ ಆ ಮನೆಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಅರ್ಥವಾಗದ್ದು ಒಂದೇ. ಮೈದಾನದಲ್ಲಿ ಎರಡು ಪಂದ್ಯ ಮುಗಿದ ಮೇಲೆ ಒಬ್ಬಳೇ ನಾಲ್ಕು ತಟ್ಟೆ ಅವಲಕ್ಕಿ ಖಾಲಿ ಮಾಡುವ ಹುಡುಗಿ ಅವಳು.

ಮನೆಯೊಡತಿ ಇಂಗ್ರಿಡ್ ಅರವತ್ತರ ಹೆಂಗಸು. ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದಾಗ ಆಕೆಯ ಕಣ್ಣು ಕೆಂಪಾಗಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಡಾಕ್ಟರಿಗೆ ತೋರಿಸಲು ಮಗು ಏನೇನು ತಿಂದಿತು ಎಂದು ಬರೆದಿಟ್ಟದ್ದನ್ನು ಇಂಗ್ರಿಡ್ ಇಂಗ್ಲಿಷಿನಲ್ಲಿ ಓದಿ ಹೇಳಿದರು. ಗುರುವಾರ ಬೆಳಿಗ್ಗೆ ಒಂದು ಹೋಳು ಬ್ರೆಡ್, ರಾತ್ರಿ ಏನೂ ಇಲ್ಲ. ಶುಕ್ರವಾರ ಒಂದು ಸೇಬು, ಸ್ವಲ್ಪ ಸೂಪು. ತಟ್ಟೆಗೆ ಮನೆಯವರು ತಾವಾಗಿ ಹಾಕಿದ್ದಷ್ಟನ್ನು ತಿಂದಿದ್ದಾಳೆ, ಇನ್ನು ಬೇಕೇ ಎಂದರೆ ಬೇಡ ಎಂದಿದ್ದಾಳೆ. ಪ್ರತಿ ಸಾಲಿನ ಎದುರಿಗೂ ಒಂದೇ ಶಬ್ದ: ಬೇಡ, ಬೇಡ, ಬೇಡ.

ನನಗೆ ಆಕೆಯ ಮೇಲೂ ಸಿಟ್ಟು ಬಂತು. ನನ್ನ ಇಂಗ್ಲಿಷ್ ಹರಕುಮುರುಕು, ಆದರೂ ಕೇಳಿಬಿಟ್ಟೆ. ಮಗು ಉಣ್ಣುತ್ತಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಬರೆದಿಡುವ ಬದಲು ಇನ್ನೊಮ್ಮೆ ಒತ್ತಾಯ ಮಾಡಬೇಕೆಂದು ನಿಮಗೆ ಅನಿಸಲಿಲ್ಲವೇ?

"ಅವಳು ಬೇಡ ಎಂದಳು" ಎಂದರು ಇಂಗ್ರಿಡ್. "ಹದಿನೈದು ವರ್ಷದ ಹುಡುಗಿ. ಅವಳ ಹೊಟ್ಟೆಯ ವಿಷಯ ಅವಳಿಗೆ ಗೊತ್ತಿರುತ್ತದೆ. ಅವಳ ಮಾತನ್ನು ನಾನು ನಂಬಬಾರದೇ?"

ನಾನು ಮೇಲಿನ ಕೋಣೆಗೆ ಹತ್ತಿದೆ. ಲಿಖಿತಾ ಮಂಚದ ತುದಿಯಲ್ಲಿ ಕೂತಿದ್ದಳು. ಸೂಟ್‌ಕೇಸ್ ತುಂಬಿಸಿ ಬೆಲ್ಟ್ ಬಿಗಿದು ನಿಲ್ಲಿಸಿಯಾಗಿತ್ತು. ನನ್ನನ್ನು ಕಂಡದ್ದೇ ಅಭ್ಯಾಸದಂತೆ ಎದ್ದು ನಿಂತಳು, ನಿಂತವಳು ಗೋಡೆ ಹಿಡಿದುಕೊಂಡಳು. ಐದು ದಿನದಲ್ಲಿ ಮುಖ ಬತ್ತಿಹೋಗಿತ್ತು. ಕೂರಿಸಿ, ಪಕ್ಕದಲ್ಲಿ ಕೂತೆ.

"ಎಂತ ಆಯ್ತು ಮಗಾ?"

"ಎಂತ ಇಲ್ಲ ಟೀಚರ್."

"ಇಲ್ಲಿಯ ಊಟ ಸೇರುದಿಲ್ವಾ? ಮನೆಯವರು ಎಂತಾದ್ರೂ ಅಂದ್ರಾ?"

"ಇಲ್ಲ ಟೀಚರ್. ಅವರು ಒಳ್ಳೆಯವರು."

"ಮತ್ತೆ ಎಂತಕ್ಕೆ ಉಣ್ಣುದಿಲ್ಲ? ಸತ್ಯ ಹೇಳು ಮಾರಾಯ್ತಿ, ನಾನು ಬೈಯುದಿಲ್ಲ."

ಆಗ ಅಳು ಕಿತ್ತುಕೊಂಡು ಬಂತು. ಬಿಕ್ಕುತ್ತಾ ಹೇಳಿದಳು. "ಹಸಿವಾಗ್ತದೆ ಟೀಚರ್. ತುಂಬಾ ಹಸಿವಾಗ್ತದೆ. ಆದ್ರೆ ಇವರು ಒಂದೇ ಸಲ ಕೇಳುದು. ಮೂರನೇ ಸಲ ಕೇಳುದೇ ಇಲ್ಲ. ಇವತ್ತು ಕೇಳಬಹುದು, ನಾಳೆ ಕೇಳಬಹುದು ಅಂತ ಕಾದೆ."

ನನ್ನ ವೃತ್ತಿಯಲ್ಲಿ ಕೈ ಮುರಿದುಕೊಂಡ ಮಕ್ಕಳನ್ನು ಎತ್ತಿಕೊಂಡು ಓಡಿದ್ದೇನೆ, ಬಿಸಿಲಿಗೆ ಬಿದ್ದ ಮಕ್ಕಳ ಮುಖಕ್ಕೆ ನೀರು ಹೊಡೆದಿದ್ದೇನೆ. ಆ ಪೆಟ್ಟು ಯಾವುದೂ ನಾನು ಕೊಟ್ಟದ್ದಲ್ಲ. ಇದು ನಾನೇ ಕೊಟ್ಟದ್ದು. ಅನ್ನದಾನವೆಂದರೆ ಪುಣ್ಯ ಎನ್ನುವ ಊರಿನಿಂದ ಬಂದವಳು ನಾನು, ನನ್ನ ಕೈಯಾರೆ ಒಂದು ಮಗುವಿನ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿದ್ದೆ. ಇನ್ನೂ ಒಂದು ಕೇಳಬೇಕಿತ್ತು, ಕೇಳಿದೆ.

"ಸತೀಶ್ ಸರ್ ಕೇಳಿದಾಗ ಇರುದು ಬೇಡ ಅಂತ ಯಾಕೆ ಹೇಳಿದ್ದು? ನಿನಗೆ ಹೋಗ್ಬೇಕಾ?"

ತಲೆ ಅಲ್ಲಾಡಿಸಿದಳು. "ನನಗೆ ಇರ್ಬೇಕು ಟೀಚರ್. ಕಬಡ್ಡಿ ಆಗ್ಲೇ ಇಲ್ಲ ಅಲ್ಲ. ಆದ್ರೆ ಸರ್ ಸಹ ಒಂದೇ ಸಲ ಕೇಳಿದ್ರು."

ಅವಳ ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ. ಅಡುಗೆಮನೆಯ ಮೇಜಿನ ಎದುರು ಕೂರಿಸಿದೆ. ಇಂಗ್ರಿಡ್‌ಗೆ "ಬ್ರೆಡ್, ಬೆಣ್ಣೆ, ಮೊಟ್ಟೆ, ಏನಿದ್ದರೂ ಇಡಿ, ಅವಳನ್ನು ಕೇಳಬೇಡಿ" ಎಂದೆ. ಆಮೇಲೆ ಸತೀಶರ ಕಡೆ ತಿರುಗಿದೆ.

"ಇರ್ಬೇಕಾ ಅಂತ ಇವಳನ್ನು ನೀವು ಎಷ್ಟು ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ? ಒಂದು ಸಲ. ಸ್ಪಷ್ಟವಾಗಿಯೇ ಕೇಳಿದೆ."

"ಕಡಬದಲ್ಲಿ ನಿಮ್ಮ ಅಮ್ಮ ನೆಂಟರಿಗೆ ಚಾ ಬೇಕಾ ಅಂತ ಎಷ್ಟು ಸಲ ಕೇಳ್ತಾರೆ?"

ಅವರಿಗೆ ಅರ್ಥವಾಯಿತು. ಅರ್ಥವಾದದ್ದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಇಂಗ್ರಿಡ್‌ಗೆ ಗೊತ್ತಿರಲಿಲ್ಲ, ಡಾಕ್ಟರಿಗೆ ಗೊತ್ತಿರಲಿಲ್ಲ. ಈ ಮನುಷ್ಯನಿಗೆ ಗೊತ್ತಿತ್ತು. ಕಡಬದ ಅಂಗಳದಲ್ಲಿ ಬೆಳೆದು, ವಿಮಾನದಲ್ಲಿ ಆ ಗಾಡಿ ಮುಂದೆ ಹೋದದ್ದನ್ನು ನನ್ನ ಜೊತೆಗೇ ನೋಡಿ ನಕ್ಕಿದ್ದರು. ನಮ್ಮ ಹುಡುಗಿಯೊಬ್ಬಳು 'ನಿಮಗೆ ತೊಂದರೆ ಆಗುದಾದ್ರೆ ಬೇಡ' ಎಂದರೆ ಅದು ಬೇಡ ಅಲ್ಲವೆಂದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

"ಎಂತ ಮಾರಾಯ್ರೆ ನೀವು! ನಿಮಗೆ ಬೇಕಾದ ಉತ್ತರ ಸಿಕ್ಕಿತು, ಅದಕ್ಕೆ ಎರಡನೇ ಸಲ ಕೇಳ್ಲಿಲ್ಲ. ಅಷ್ಟೇ ಅಲ್ವಾ?"

ಈ ಸಲ ನಾನು ಧ್ವನಿ ತಗ್ಗಿಸಲಿಲ್ಲ. ಮೈದಾನದ ಆ ತುದಿಗೆ ಕೇಳಿಸುವ ಧ್ವನಿ ನನ್ನದು, ಆ ಚಿಕ್ಕ ಅಡುಗೆಮನೆಗೆ ಅದು ಹೆಚ್ಚಾಯಿತು. ಇಂಗ್ರಿಡ್ ಏನಾಯಿತೆಂದು ಕೇಳಿದರು. ಸಿಟ್ಟಿನಲ್ಲೇ, ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದೆ. ಮೂರು ಸಲದ ಪದ್ಧತಿ, ನಾನು ಮಾಡಿದ ಪಾಠ, ಎಲ್ಲಾ. ಆಕೆ ಕೇಳುತ್ತಾ ಕೂತರು. ಮುಗಿದ ಮೇಲೆ ಅವರೂ ಸಿಟ್ಟಾದರು, ಆದರೆ ಧ್ವನಿ ಏರಿಸದೆ.

"ನಾಲ್ಕು ದಿನ ನಾನು ನಿದ್ದೆ ಮಾಡಿಲ್ಲ. ನನ್ನ ಮನೆಯಲ್ಲಿ ಒಂದು ಮಗು ಹಸಿದು ಮಲಗಿತ್ತು. ಹಸಿದ ಮಗುವಿಗೆ ಹಸಿವಿಲ್ಲ ಎಂದು ಹೇಳಲು ನೀವು ಯಾಕೆ ಕಲಿಸಿದಿರಿ?"

ಮರ್ಯಾದೆ ಎಂದು ಹೇಳಬೇಕೆಂದುಕೊಂಡೆ. ಇಂಗ್ಲಿಷಿನಲ್ಲಿ ಅದಕ್ಕೆ ಮಾತು ಸಿಗಲಿಲ್ಲ. ಕನ್ನಡದಲ್ಲಿ ಕೇಳಿದ್ದರೂ ಸಿಗುತ್ತಿರಲಿಲ್ಲ.

ಟಿಕೆಟ್ ರದ್ದಾಗುವುದು ಅಷ್ಟು ಸುಲಭವಿರಲಿಲ್ಲ. ಡಾಕ್ಟರ ಕಾಗದ ಕಡತದಲ್ಲಿದೆ, ಅಲ್ಲಿಯ ಸಂಘಟಕರು ಒಪ್ಪಿದ್ದಾರೆ, ಮತ್ತೆ ಬಿದ್ದರೆ ಯಾರು ಹೊಣೆ ಎಂದು ಸತೀಶ್ ಮೆತ್ತಗೆ ಶುರುಮಾಡಿದರು. ನಾನು ಕಾಗದ, ಪೆನ್ನು ಕೇಳಿ ಪಡೆದು ಅಲ್ಲೇ ಬರೆದೆ. ಈ ವಿದ್ಯಾರ್ಥಿನಿಗೆ ಯಾವ ಕಾಯಿಲೆಯೂ ಇಲ್ಲ, ಅವಳು ಊಟ ಬಿಟ್ಟದ್ದು ನನ್ನ ತಪ್ಪು ಸೂಚನೆಯನ್ನು ಪಾಲಿಸಿದ್ದರಿಂದ, ಇದಕ್ಕೆ ಪೂರ್ತಿ ಹೊಣೆ ನನ್ನದು. ಸಹಿ ಹಾಕಿದೆ. ಇದರ ಒಂದು ಪ್ರತಿ ಶಾಲೆಗೂ ಹೋಗಬೇಕು, ಹಿಂದಿನ ವರದಿಯನ್ನು ಇವತ್ತೇ ಹಿಂಪಡೆಯಬೇಕು, ಅವಳನ್ನು ಕಳಿಸುವುದಾದರೆ ಹನ್ನೆರಡು ಮಕ್ಕಳಿಗೂ ನನಗೂ ಸೇರಿಸಿ ಹದಿಮೂರು ಟಿಕೆಟ್ ತೆಗೆಯಿರಿ ಎಂದೆ. ಮಧ್ಯಾಹ್ನ ಡಾಕ್ಟರ್ ಮತ್ತೊಮ್ಮೆ ಪರೀಕ್ಷಿಸಿದರು. ಅಷ್ಟರಲ್ಲಿ ಅವಳು ಆರು ಹೋಳು ಬ್ರೆಡ್, ಮೂರು ಮೊಟ್ಟೆ, ಒಂದು ಬೋಗುಣಿ ಸೂಪು ತಿಂದಾಗಿತ್ತು. ಡಾಕ್ಟರ್ ಹಳೆಯ ಕಾಗದ ಹರಿದು ಹೊಸದು ಬರೆದು ಕೊಟ್ಟರು. ಟಿಕೆಟ್ ರದ್ದಾಯಿತು.

ಸಂಜೆ ಉಳಿದ ಹನ್ನೊಂದು ಮಕ್ಕಳನ್ನು ಸಾಲಾಗಿ ಕೂರಿಸಿ ಕೇಳಿದೆ, ನೀವೆಲ್ಲಾ ಏನು ಮಾಡಿದಿರಿ? ಗುತ್ತಿಗಾರಿನ ಹುಡುಗಿಯೊಬ್ಬಳು, ತಂಡದಲ್ಲಿ ನನ್ನಿಂದ ಅತಿ ಹೆಚ್ಚು ಬೈಗುಳ ತಿಂದವಳು, ಎದ್ದು ನಿಂತು ಹೇಳಿದಳು: "ನಾನು ಒಂದು ಹೊತ್ತು ನೋಡಿದೆ ಟೀಚರ್. ಆಮೇಲೆ ಬೇಕು ಅಂತ ಹೇಳಿದೆ. ಟೀಚರ್ ಬೈದ್ರೆ ಬೈಲಿ ಅಂತ." ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿಕೊಂಡರು. ನನ್ನ ಮಾತು ಮೀರಿದವರೆಲ್ಲ ಉಂಡಿದ್ದರು. ಮೀರದವಳೊಬ್ಬಳು ಹಸಿದಿದ್ದಳು.

ಊರಿಗೂ ಫೋನು ಮಾಡಿದೆ. ಶಾಲೆಯವರಿಂದ ಸುದ್ದಿ ಹೋಗಿ ಲಿಖಿತಾಳ ಅಮ್ಮ ಆಗಲೇ ಹೆದರಿ ಹಣ್ಣಾಗಿದ್ದರು. ಮಗಳಿಗೆ ಕಾಯಿಲೆಯಿಲ್ಲ, ನಡೆದದ್ದು ಹೀಗೆ, ತಪ್ಪು ನನ್ನದು ಎಂದು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಮೂಗೊರೆಸಿಕೊಂಡು, "ಹಾಗಾದ್ರೆ ನಮ್ಮ ಮಗಳು ಮರ್ಯಾದೆ ತೆಗಿಲಿಲ್ಲ ಅಲ್ವಾ ಟೀಚರ್? ಹೇಳಿದ ಮಾತು ಮೀರ್ಲಿಲ್ಲ" ಎಂದರು. ಧ್ವನಿಯಲ್ಲಿ ಹೆಮ್ಮೆ ಇತ್ತು.

"ಮೀರ್ಬೇಕಿತ್ತು ಅಮ್ಮಾ" ಎಂದೆ. ಅವರಿಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ. ಐದು ದಿನದ ಹಿಂದೆ ನನಗೂ ಅರ್ಥವಾಗುತ್ತಿರಲಿಲ್ಲ.

ಮುಂದಿನ ಹದಿಮೂರು ದಿನ ಕಾರ್ಯಕ್ರಮ ಯೋಜನೆಯಂತೆ ನಡೆಯಿತು. ಜರ್ಮನ್ ಮಕ್ಕಳು ಉಸಿರು ಹಿಡಿದು 'ಕಬಡ್ಡಿ ಕಬಡ್ಡಿ' ಎನ್ನಲು ಕಲಿತರು. ನಾನು ಬರೆದುಕೊಟ್ಟ ಕಾಗದ ನನ್ನ ಸೇವಾ ಕಡತಕ್ಕೆ ಸೇರಿತು. ಮರುವರ್ಷ ಆ ಊರಿನವರು ನಮ್ಮಲ್ಲಿಗೆ ಬಂದಾಗ ಸಮಿತಿಯಲ್ಲಿ ನನ್ನ ಹೆಸರಿರಲಿಲ್ಲ. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಸತೀಶರ ಸಂಸ್ಥೆ ಈಗಲೂ ನಡೆಯುತ್ತಿದೆ ಎಂದು ಕೇಳಿದ್ದೇನೆ. ಅದರ ಬಗ್ಗೆ ದೂರು ಇದೆ.

ಹೇಳಬೇಕಾದದ್ದು ಇನ್ನೊಂದು ಉಳಿದಿದೆ. ಆ ಸೋಮವಾರ ಕಳೆದು ಬುಧವಾರ ಬೆಳಿಗ್ಗೆ ಲಿಖಿತಾ ಮೈದಾನಕ್ಕೆ ಬಂದಳು. ಮುಖಕ್ಕೆ ಬಣ್ಣ ಬಂದಿತ್ತು. ಗೆರೆ ಎಳೆಯಲು ಬಾಗಿದವಳನ್ನು ಪಕ್ಕಕ್ಕೆ ಕರೆದೆ. ಮನಸ್ಸಿನಲ್ಲಿ ಇರುವುದನ್ನು ಇನ್ನು ಮೇಲೆ ಮೊದಲ ಸಲವೇ ಹೇಳಬೇಕು, ಬೇಕಾದರೆ ಬೇಕು, ಬೇಡವಾದರೆ ಬೇಡ, ಯಾರ ಮುಖವನ್ನೂ ನೋಡಬೇಡ ಎಂದೆ. ಹೇಳಿ, ನಿನಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಅವಳು ಎಂದಿನಂತೆ ಇಲ್ಲ ಟೀಚರ್ ಎನ್ನುತ್ತಾಳೆ ಎಂದುಕೊಂಡೆ.

ಅವಳು ಸುಣ್ಣದ ಡಬ್ಬಿಯನ್ನು ಕೆಳಗಿಟ್ಟು ನೇರ ನಿಂತಳು.

"ಉಂಟು ಟೀಚರ್. ನನಗೆ ನಿಮ್ಮ ಮೇಲೆ ಸಿಟ್ಟುಂಟು."

ಅಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಮುಖ ನೋಡಿ ಹಾಗೆ ಹೇಳಿರಲಿಲ್ಲ. ಹೇಳಿದ್ದರೆ ಮೈದಾನಕ್ಕೆ ಹತ್ತು ಸುತ್ತು ಓಡಿಸುತ್ತಿದ್ದೆ. ಆ ದಿನ "ಸರಿ" ಎಂದು ಮಾತ್ರ ಹೇಳಿದೆ. ಅವಳು ಡಬ್ಬಿ ಎತ್ತಿಕೊಂಡು ಗೆರೆ ಎಳೆಯಲು ಹೋದಳು. ಮಾತು ಕೇಳುವ ಮಗುವೇ ಒಳ್ಳೆಯ ಮಗು ಎಂದು ನಂಬಿ ನಾನು ವೃತ್ತಿಯುದ್ದಕ್ಕೂ ನ್ಯಾಯ ತೀರ್ಮಾನ ಮಾಡಿದ್ದೆ. ನಾವು ದೊಡ್ಡವರು ತಪ್ಪು ಹೇಳಿದಾಗ ಅದಕ್ಕೆ ಬೆಲೆ ತೆರುವುದು ತುಂಟ ಮಕ್ಕಳಲ್ಲ, ಆ ಒಳ್ಳೆಯ ಮಗುವೇ. ಈ ಕೆಲಸ ನನಗೆ ಕಲಿಸಿದ್ದು ಇದನ್ನು, ಅದೂ ನಿವೃತ್ತಿಗೆ ಒಂದು ವರ್ಷ ಬಾಕಿ ಇರುವಾಗ. ಲಿಖಿತಾ ಈಗ ಪಿಯುಸಿಯಲ್ಲಿದ್ದಾಳೆ. ಸುಳ್ಯ ಪೇಟೆಯಲ್ಲಿ ಸಿಕ್ಕಿದರೆ ಮಾತಾಡುತ್ತಾಳೆ, ನಗುತ್ತಾಳೆ. ಆ ಸಿಟ್ಟು ಹೋಗಿದೆಯೇ ಎಂದು ನಾನು ಕೇಳಿಲ್ಲ. ಹೋಗದೆ ಇರಲಿ ಎಂದು ನನ್ನ ಆಸೆ.